ರಸ್ತೆ ಯಾರ ಕಂಪ್ಯೂಟರಿನಲ್ಲಿರಬೇಕು

ಒಂದು ಕಂಪ್ಯೂಟರಿಗೆ ಏನೆಂದು ಹೆಸರಿಡಬೇಕು ಎಂಬ ಪ್ರಶ್ನೆ ಒಂದು ಸಂಸಾರವನ್ನು ಎರಡು ಪಾಳಯವಾಗಿ ಸೀಳಬಲ್ಲದು ಎಂಬುದನ್ನು ಇದುವರೆಗೆ ಯಾರೂ ದಾಖಲಿಸಿದಂತೆ ಕಾಣುವುದಿಲ್ಲ. ಆದ್ದರಿಂದ ಇಲ್ಲಿ ದಾಖಲಿಸಬೇಕಾಗಿ ಬಂದಿದೆ. ಪ್ರಶ್ನೆ ಎದ್ದದ್ದು ಒಂದು ಮಂಗಳವಾರ ಬೆಳಿಗ್ಗೆ, ಒಂದು ಡ್ರೈವಿಂಗ್ ಸ್ಕೂಲಿನ ಆಫೀಸಿನಲ್ಲಿ. ಇತ್ಯರ್ಥವಾದದ್ದು ಅದೇ ದಿನ ಮಧ್ಯಾಹ್ನದ ಊಟದ ಹೊತ್ತಿಗೆ. ಪರಿಣಾಮ ಮಾತ್ರ ಒಂದು ತಿಂಗಳು ನಡೆಯಿತು.

ಸ್ಕೂಲು ಬ್ರೇಕ್ ಮೇಷ್ಟ್ರದು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಷ್ಟೆ. ಮೂವತ್ತೊಂದು ವರ್ಷ ಅದರ ಮೇಲೆ ಕಾಲಿಟ್ಟುಕೊಂಡೇ ಕೂತವರು ಎಂಬ ಕಾರಣಕ್ಕೆ ಬಂದ ಹೆಸರು ಅದು. ಕಲಿಯುವವರು ಸ್ಟೀರಿಂಗ್ ಹಿಡಿದು ತಾವೇ ಓಡಿಸುತ್ತಿದ್ದೇವೆಂದು ಹಿಗ್ಗುತ್ತಿರುವಾಗ ಮೇಷ್ಟ್ರು ಕಿಟಕಿಯಾಚೆ ನೋಡುತ್ತ, ಏನೂ ಅರಿಯದವರ ಹಾಗೆ, ಹೆಬ್ಬೆರಳಿನಷ್ಟು ಬ್ರೇಕ್ ಒತ್ತಿರುತ್ತಿದ್ದರು. ಹೋದ ವರ್ಷ ಮೊಣಕಾಲಿನ ಆಪರೇಷನ್ ಆಯಿತು. ಕಾಲು ಮಡಚಿ ಗಂಟೆಗಟ್ಟಲೆ ಕೂರಬೇಡಿ ಎಂದು ಮೂಳೆ ಡಾಕ್ಟರು ಹೇಳಿದರು. ಪಕ್ಕದ ಸೀಟು ಮಗನಿಗೆ ಹೋಯಿತು. ಮೇಷ್ಟ್ರು ಆಫೀಸಿನ ತಿರುಗುವ ಕುರ್ಚಿಗೆ ಬಂದರು. ಆ ಕುರ್ಚಿಯ ಕೆಳಗೆ ಕಾಲಿಗೆ ಸಿಗುವಂಥದ್ದು ಏನೂ ಇರಲಿಲ್ಲ. ಮೊದಲ ಕೆಲವು ತಿಂಗಳು ಅವರ ಬಲಗಾಲು ಆಗಾಗ ನೆಲವನ್ನು ಒತ್ತುತ್ತಿದ್ದುದನ್ನು ಅವರ ಹೆಂಡತಿ ಕೌಂಟರಿನಿಂದ ನೋಡಿದ್ದರು. ನೋಡಿಯೂ ಏನೂ ಹೇಳಿರಲಿಲ್ಲ. ಅವರು ಹೇಳದೆ ಇಟ್ಟುಕೊಂಡ ವಿಷಯಗಳು ಬಹಳ ಇದ್ದವು.

ಪಾಠದ ಸಮಯ ಗೊತ್ತುಮಾಡಿಕೊಳ್ಳಲು ಸ್ಕೂಲಿಗೊಂದು ವೆಬ್‌ಸೈಟ್ ಮಾಡಿದವಳು ಸೊಸೆ. ಅದೇ ಅವಳ ಕಸುಬು. ಮೊದಮೊದಲು ಅವಳು ತಿದ್ದಿದ ಫೈಲುಗಳನ್ನು ಒಂದೊಂದಾಗಿ ನೇರ ಸರ್ವರಿಗೆ ಹಾಕಿಬಿಡುತ್ತಿದ್ದಳು. ಒಂದು ದಿನ ಅರ್ಧ ಫೈಲು ಹೋಗಿ ಅರ್ಧ ಉಳಿದು, ಮರುದಿನ ಬೆಳಿಗ್ಗೆ ಏಳು ಗಂಟೆಗೆ ಒಂದೇ ಕಾರಿನ ಮುಂದೆ ಆರು ಜನ ನಿಂತಿದ್ದರು. ಆರೂ ಜನರ ಫೋನಿನಲ್ಲಿ ಅದೇ ಕಾರು, ಅದೇ ಏಳು ಗಂಟೆ. ಮಗ ಆರು ಜನಕ್ಕೂ ಹತ್ತತ್ತು ನಿಮಿಷ ಓಡಿಸಲು ಕೊಟ್ಟು ಮರ್ಯಾದೆ ಉಳಿಸಿದ.

ಮೇಷ್ಟ್ರು ಅಂದು ಸೊಸೆಯನ್ನು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಕನ್ನಡಿ ನೋಡದೆ ಹೊರಟ್ರೆ ಹೀಗೇ ತಾಯಿ" ಎಂದರು. ಸೊಸೆ ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು, ಎರಡೂ ಸಲ ರಿವರ್ಸಿನಲ್ಲಿ. ಕಲಿಸಿದವರು ಇವರೇ. ಆದ್ದರಿಂದ ಆ ಮಾತು ಎಲ್ಲಿ ಮುಟ್ಟಬೇಕೋ ಅಲ್ಲಿಗೇ ಮುಟ್ಟಿತು.

ಸೊಸೆ ಮೂರು ದಿನ ಯೋಚಿಸಿ ಮಂಗಳವಾರ ಹೊಸ ವ್ಯವಸ್ಥೆಯೊಂದಿಗೆ ಬಂದಳು.

"ಇನ್ಮೇಲೆ ಯಾರೂ ಸರ್ವರಿಗೆ ನೇರ ಕೈ ಹಾಕೋ ಹಾಗಿಲ್ಲ ಮಾವ. ನಾನು ಬರ್ದಿದ್ದೆಲ್ಲ, ಯಾವತ್ತು ಏನು ಬದಲಾಯ್ತು ಅನ್ನೋದರ ಸಮೇತ, ಒಂದ್ಕಡೆ ಶೇಖರ ಆಗತ್ತೆ. ಅಲ್ಲಿಂದ ಮೊದಲು ಪರೀಕ್ಷೆಗೆ ಅಂತ ಇರೋ ಸರ್ವರಿಗೆ ಹೋಗತ್ತೆ. ಅಲ್ಲಿ ಸರಿ ಇದ್ರೆ ಮಾತ್ರ ಜನ ನೋಡೋ ಸರ್ವರಿಗೆ. ಒಂದೊಂದರ ವಿಳಾಸಕ್ಕೂ ನಮ್ಮ ಕಂಪ್ಯೂಟರಲ್ಲಿ ಒಂದೊಂದು ಹೆಸರು ಇಟ್ಕೋಬೇಕು. ಅದಕ್ಕೆ ರಿಮೋಟ್ ಅಂತಾರೆ. ಆ ಹೆಸರು ಹೇಳಿ ಪುಶ್ ಅಂತ ಕೊಟ್ರೆ ಪೂರ್ತಿ ಗಂಟು ಅಲ್ಲಿಗೆ ಹೋಗಿ ತಾನೇ ಬಿಚ್ಕೊಂಡು ಕೂರತ್ತೆ. ಅರ್ಧ ಹೋಗಿ ಅರ್ಧ ಉಳಿಯೋ ಪ್ರಶ್ನೆನೇ ಇಲ್ಲ."

"ಪುಶ್ ಅಂದ್ರೆ ತಳ್ಳೋದು."

"ಹೌದು ಮಾವ."

"ತಳ್ಳೋದು ನಂಗೆ ಹೇಳ್ಕೊಡ್ತಿದೀಯ. ಬ್ಯಾಟರಿ ಸತ್ತ ಎಷ್ಟು ಕಾರು ತಳ್ಳಿದೀನಿ ಅಂತ ಲೆಕ್ಕ ಇದೆಯಾ ನಿಂಗೆ?"

"ಅದಕ್ಕೇ ಮೊಣಕಾಲು ಹೋಗಿದ್ದು" ಎಂದರು ಹೆಂಡತಿ, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು.

ಹೆಸರಿನ ಯುದ್ಧ ಶುರುವಾದದ್ದು ಆಗ. ಸೊಸೆ ಇಂಗ್ಲಿಷಿನಲ್ಲಿ ವಾಡಿಕೆಯಲ್ಲಿರುವ ಮೂರು ಹೆಸರು ಹೇಳಿದಳು. ಮೇಷ್ಟ್ರಿಗೆ ಅವು ಔಷಧಿಯ ಹೆಸರಿನ ಹಾಗೆ ಕೇಳಿಸಿದವು. ಕಾರು ಶೆಡ್ಡಿನಲ್ಲಿರುತ್ತದೆ, ಹೊಸಬರು ಮೈದಾನದಲ್ಲಿ ಓಡಿಸುತ್ತಾರೆ, ಪಳಗಿದ ಮೇಲೆ ರಸ್ತೆಗೆ ಬಿಡುತ್ತೇವೆ, ಮೂರೂ ಹೆಸರು ಮನೆಯಲ್ಲೇ ಇರುವಾಗ ಹೊರಗಿನಿಂದ ಯಾಕೆ ತರಬೇಕು ಎಂದು ಕೇಳಿದರು. ಸೊಸೆ ನಾಳೆ ಬೇರೆ ಯಾರಾದರೂ ಕೆಲಸಕ್ಕೆ ಬಂದರೆ ನಗುತ್ತಾರೆ ಎಂದಳು. ಮಗ ಅಪ್ಪನ ಪಕ್ಷ ವಹಿಸಿದ, ಸೊಸೆ ಗಂಡನನ್ನು ನೋಡಿದ್ದಕ್ಕೆ ಅವಳ ಪಕ್ಷಕ್ಕೆ ಹಾರಿದ, ಮೈದಾನದಲ್ಲಿ ಯಾರೋ ಕಾಯುತ್ತಿದ್ದಾರೆಂದು ನೆನಪು ಮಾಡಿಕೊಂಡು ಎದ್ದು ಹೋದ. ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಸೊಸೆ ಸೋತಿದ್ದಳು. ಶೆಡ್ಡು, ಮೈದಾನ, ರಸ್ತೆ. ಕಂಪ್ಯೂಟರಿಗೆ ತಿಳಿಯಲೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡರೂ ಹೆಸರು ಹೆಸರೇ.

ಗೆದ್ದ ಹುಮ್ಮಸ್ಸಿನಲ್ಲಿ ಮೇಷ್ಟ್ರು ಇನ್ನೊಂದು ಹೆಜ್ಜೆ ಮುಂದೆ ಹೋದರು.

"ಶೆಡ್ಡು, ಮೈದಾನ ನಿನ್ನ ಲ್ಯಾಪ್‌ಟಾಪಲ್ಲಿರ್ಲಿ. ರಸ್ತೆ ನನ್ನ ಕಂಪ್ಯೂಟರಲ್ಲಿ ಮಾತ್ರ. ಮೈದಾನದಲ್ಲಿ ನೋಡಿ, ಸರಿ ಇದ್ರೆ, ನಾನು ಬಿಡ್ತೀನಿ."

ಸೊಸೆ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. "ಮಾವ, ಸೈಟ್ ಮಾಡಿದ್ದು ನಾನು."

"ಕಾರು ಮಾಡಿದವನೂ ಬಂದು ನನ್ನತ್ರನೇ ಓಡಿಸೋದು ಕಲೀಬೇಕು."

"ನಂಗೆ ಲೈಸೆನ್ಸ್ ಇಲ್ಲ ಅಂತ ಇದನ್ನೂ ಕೊಡಲ್ವಾ?"

"ಛೇ, ಅದಕ್ಕೂ ಇದಕ್ಕೂ ಏನು ಸಂಬಂಧ" ಎಂದ ಮೇಷ್ಟ್ರ ಮುಖದಲ್ಲಿ ಸಂಬಂಧ ಎದ್ದು ಕಾಣುತ್ತಿತ್ತು.

ಸೊಸೆ ಒಂದು ಕರಾರು ಹಾಕಿದಳು. ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಮೇಷ್ಟ್ರು ರಸ್ತೆಗೆ ಬಿಡಬೇಕು. ನಾಲ್ಕು ಶುಕ್ರವಾರ ಒಂದೂ ತಪ್ಪಿಲ್ಲದೆ ಬಿಟ್ಟರೆ ರಸ್ತೆ ಕಾಯಂ ಅವರದೇ, ಅವಳು ಮತ್ತೆ ಆ ಮಾತೆತ್ತುವುದಿಲ್ಲ. ಒಂದೇ ಒಂದು ತಪ್ಪಾದರೂ ರಸ್ತೆ ಅವಳ ಲ್ಯಾಪ್‌ಟಾಪಿಗೂ ಬರಬೇಕು.

"ತಪ್ಪು ಅಂತ ಹೇಳೋರು ಯಾರು? ನೀನಾ?"

"ನೀವೇ ಹೇಳಿ ಮಾವ. ನಾನು ತುಟಿ ಬಿಚ್ಚಲ್ಲ."

ಇಷ್ಟು ಒಳ್ಳೆಯ ಷರತ್ತು ಮೇಷ್ಟ್ರಿಗೆ ಜೀವನದಲ್ಲಿ ಸಿಕ್ಕಿರಲಿಲ್ಲ. ಅವರು ತಕ್ಷಣ ಒಪ್ಪಿದರು. ಒಪ್ಪುವಾಗ ಅವರ ಬಲಗಾಲು ಮೇಜಿನ ಕೆಳಗೆ ನೆಲವನ್ನು ಒಮ್ಮೆ ಒತ್ತಿತು.

ಗುರುವಾರ ಸೊಸೆ ಪಕ್ಕದಲ್ಲಿ ಕೂತು ತಾಲೀಮು ಮಾಡಿಸಿದಳು. ಮಾಡಬೇಕಾದ ಕೆಲಸವನ್ನು ದಪ್ಪ ಅಕ್ಷರದಲ್ಲಿ ಬರೆದು ಮಾನಿಟರಿನ ಪಕ್ಕದ ಗೋಡೆಗೆ ಅಂಟಿಸಿದಳು. ಮೊದಲು ಪುಲ್ ಎಂದು ಕೊಟ್ಟು ಶೆಡ್ಡಿನಲ್ಲಿರುವ ಹೊಸದನ್ನು ತಮ್ಮ ಕಂಪ್ಯೂಟರಿಗೆ ಎಳೆದುಕೊಳ್ಳುವುದು. ಆಮೇಲೆ ಮೈದಾನದ ವಿಳಾಸ ತೆರೆದು ಎಲ್ಲ ಸರಿಯಿದೆಯೇ ನೋಡುವುದು. ಆಮೇಲೆ ರಸ್ತೆಗೆ ಪುಶ್. ಕೊನೆಗೆ ರಸ್ತೆಯ ವಿಳಾಸ ತೆರೆದು ಹೋಗಿ ತಲುಪಿತೇ ನೋಡುವುದು. ಮೇಷ್ಟ್ರು ಒಂದೊಂದೇ ಅಕ್ಷರವನ್ನು ತೋರುಬೆರಳಿನಿಂದ ಕುಟ್ಟುತ್ತ, ಬಾಯಲ್ಲಿ ಹೇಳುತ್ತ, ನಾಲ್ಕೂ ಮಾಡಿದರು. ಸೈಟು ರಸ್ತೆಗೆ ಇಳಿಯಿತು. ಸೊಸೆ ಚಪ್ಪಾಳೆ ತಟ್ಟಿದಳು. ಕಲಿಯುವವರಿಗೆ ತಾವು ಯಾವತ್ತೂ ಚಪ್ಪಾಳೆ ತಟ್ಟಿಲ್ಲವಲ್ಲ ಎಂದು ಮೇಷ್ಟ್ರಿಗೆ ಹೊಳೆಯಿತು. ತಟ್ಟಿದರೆ ಕೆಡುತ್ತಾರೆ ಎಂದು ಸಮಾಧಾನ ಮಾಡಿಕೊಂಡರು.

ಅಂದು ಸಂಜೆ ಗೋಡೆಯ ಪಟ್ಟಿಯನ್ನು ನೋಡುತ್ತ ಕೂತ ಮೇಷ್ಟ್ರಿಗೆ ಅದು ತುಸು ಉದ್ದವಾಯಿತು ಎನ್ನಿಸಿತು. ಮೂವತ್ತೊಂದು ವರ್ಷ ಕಲಿಸಿದ ಮನುಷ್ಯನಿಗೆ ಪಾಠವನ್ನು ಮೊಟಕು ಮಾಡುವ ಹಕ್ಕಿದೆ. ಪುಲ್ ಎಂದು ಕೊಟ್ಟಾಗ ಪರದೆಯ ಮೇಲೆ ಫೈಲುಗಳ ಹೆಸರು, ಪಕ್ಕದಲ್ಲಿ ಹಸಿರು ಕೂಡುವ ಗುರುತು, ಕೆಂಪು ಕಳೆಯುವ ಗುರುತು, ಎಲ್ಲ ದಬದಬನೆ ಸುರಿದದ್ದು ಅವರಿಗೆ ಹಿಡಿಸಿರಲಿಲ್ಲ. ಅಲ್ಲದೆ, ಶೆಡ್ಡಿನಿಂದ ಕಾರು ಒಮ್ಮೆ ತಂದಾಯಿತು. ಕಾರು ಈಗ ಬಾಗಿಲಲ್ಲೇ ನಿಂತಿದೆ. ರಸ್ತೆಗೆ ಹೊರಟಾಗೆಲ್ಲ ಮತ್ತೆ ಶೆಡ್ಡಿಗೆ ಹೋಗಿ ಬರುವವರು ಯಾರು? ಅವರು ಮೊದಲನೆಯ ಸಾಲಿನ ಮೇಲೆ ಬಿಳಿ ಕಾಗದದ ಚೂರು ಅಂಟಿಸಿದರು. ಕೊನೆಯ ಸಾಲನ್ನು ನೋಡಿದರು. ಮೈದಾನದಲ್ಲಿ ನೋಡಿದ್ದನ್ನೇ ರಸ್ತೆಯಲ್ಲೂ ನೋಡುವುದು ಅನುಮಾನದ ಪ್ರಾಣಿಗಳ ಕೆಲಸ. ಅದರ ಮೇಲೂ ಒಂದು ಚೂರು ಕೂತಿತು.

ಹೀಗೆ ಹಗುರವಾದ ಪಟ್ಟಿಯೊಂದಿಗೆ ಮೊದಲನೆಯ ಶುಕ್ರವಾರ ಬಂತು. ಮೇಷ್ಟ್ರು ಹತ್ತಕ್ಕೆ ಐದು ನಿಮಿಷವಿರುವಾಗ ಕುರ್ಚಿಯ ಎತ್ತರ ಸರಿಮಾಡಿಕೊಂಡರು. ಹಳೆಯ ಕಾರಿನಿಂದ ಬಿಚ್ಚಿದ ಕನ್ನಡಿಯೊಂದನ್ನು ಮಾನಿಟರಿನ ನೆತ್ತಿಗೆ ಸಿಕ್ಕಿಸಿದ್ದರು. ಅದನ್ನು ತಿರುಗಿಸಿ ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಇದ್ದದ್ದು ಹೆಂಡತಿ ಮಾತ್ರ. ಮೈದಾನದ ವಿಳಾಸ ತೆರೆದರು. ತಾಲೀಮು ಮುಗಿದ ಮೇಲೆ, ಹಿಂದಿನ ರಾತ್ರಿ ಸೊಸೆ ಮಾಡಿ ಹಾಕಿದ್ದು, ಗೊತ್ತುಮಾಡಿದ ಪಾಠವನ್ನು ಫೋನು ಮಾಡದೆಯೇ ರದ್ದು ಮಾಡಲು ಒಂದು ಕೆಂಪು ಗುಂಡಿ. ಚೆನ್ನಾಗಿತ್ತು, ದಪ್ಪಗಿತ್ತು, ಒತ್ತಿದರೆ ರದ್ದಾಗುತ್ತಿತ್ತು. ತೃಪ್ತರಾಗಿ ರಸ್ತೆಗೆ ಪುಶ್ ಎಂದು ಕೊಟ್ಟರು.

ಪರದೆಯ ಮೇಲೆ ಒಂದೇ ಒಂದು ಸಾಲು ಬಂತು: ಎವ್ರಿಥಿಂಗ್ ಅಪ್ ಟು ಡೇಟ್.

"ಏನಂತೆ?" ಎಂದರು ಹೆಂಡತಿ.

"ಎಲ್ಲಾ ಸರಿಯಾಗಿದೆ ಅಂತೆ" ಎಂದರು ಮೇಷ್ಟ್ರು. ಇಂಥ ಸೌಜನ್ಯದ ಪರೀಕ್ಷಕನನ್ನು ಅವರು ಕಂಡಿರಲಿಲ್ಲ. ಸೊಸೆ ಪಕ್ಕದಲ್ಲಿದ್ದಾಗ ಏನೇನೋ ಹತ್ತು ಸಾಲು ಗೊಣಗಿದ ಯಂತ್ರ, ತಾವೊಬ್ಬರೇ ಮಾಡಿದಾಗ ಒಂದೇ ಮಾತಿನಲ್ಲಿ ಶಹಭಾಸ್ ಎಂದಿತ್ತು. ನೋಟುಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದರು: 'ಬೆಳಿಗ್ಗೆ ಹತ್ತು. ಎಲ್ಲಾ ಸರಿ.'

ಎರಡನೆಯ ಶುಕ್ರವಾರವೂ ಯಂತ್ರ ಅದನ್ನೇ ಹೇಳಿತು. ಮೂರನೆಯ ಶುಕ್ರವಾರವೂ. ಮೇಷ್ಟ್ರ ನಡಿಗೆಯಲ್ಲಿ ಒಂದು ಬಗೆಯ ತೂಕ ಬಂತು. ಊಟಕ್ಕೆ ಕೂತಾಗ, "ಇದೇನು ಮಹಾ, ಗಮನ ಒಂದಿದ್ರೆ ಸಾಕು" ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಸೊಸೆ "ಹೌದು ಮಾವ" ಎಂದು ತಟ್ಟೆ ನೋಡುತ್ತಿದ್ದಳು. ಸೊಸೆ ಇಷ್ಟು ಸುಲಭವಾಗಿ ಹೌದು ಎನ್ನುತ್ತಿರುವುದು ಅನುಮಾನಕ್ಕೆ ಕಾರಣವಾಗಬೇಕಿತ್ತು. ಆದರೆ ಗೆಲ್ಲುತ್ತಿರುವ ಮನುಷ್ಯ ಎದುರಾಳಿಯ ಮುಖ ನೋಡುವುದು ಕಡಿಮೆ. ಪಾಠ ರದ್ದು ಮಾಡುವವರು ಮೂರು ವಾರವೂ ಕೌಂಟರಿಗೆ ಫೋನು ಮಾಡುತ್ತಲೇ ಇದ್ದರು. ಜನಕ್ಕೆ ಅಭ್ಯಾಸ ಬಿಡುವುದು ಕಷ್ಟ ಎಂದು ಮೇಷ್ಟ್ರು ತೀರ್ಮಾನಿಸಿದ್ದರು.

ನಾಲ್ಕನೆಯ ಶುಕ್ರವಾರ ಒಂಬತ್ತೂವರೆಗೆ ಫೋನು ಬಂತು.

"ರೀ, ಹಲ್ಲಿನ ಡಾಕ್ಟ್ರು" ಎಂದು ಹೆಂಡತಿ ಫೋನು ಚಾಚಿದರು. "ನಿಮ್ಮತ್ರನೇ ಮಾತಾಡ್ಬೇಕಂತೆ."

ಹಲ್ಲಿನ ಡಾಕ್ಟರು ಐವತ್ತು ದಾಟಿದ ಹೆಂಗಸು, ಮೂರನೆಯ ಗೇರಿನವರೆಗೆ ಬಂದಿದ್ದ ವಿದ್ಯಾರ್ಥಿನಿ. "ಮೇಷ್ಟ್ರೇ, ಇವತ್ತು ಹನ್ನೊಂದಕ್ಕೆ ಬರಕ್ಕಾಗಲ್ಲ. ರದ್ದು ಮಾಡಿ."

"ಡಾಕ್ಟ್ರೇ, ಅದಕ್ಕೆಲ್ಲ ಈಗ ಫೋನು ಯಾಕೆ? ಸೈಟಲ್ಲಿ ಗುಂಡಿ ಇಟ್ಟಿದೀವಿ. ಕೆಂಪಗಿದೆ ನೋಡಿ."

"ಇಲ್ಲ."

"ಕೆಳಗಡೆ ಇರತ್ತೆ. ಸರಿಯಾಗಿ ನೋಡಿ."

"ಮೇಷ್ಟ್ರೇ, ನೀವು ಹೇಳಿದಾಗ್ನಿಂದ ಮೂರು ವಾರ ಹುಡುಕಿದೀನಿ. ದವಡೆ ಮೂಲೇಲಿರೋ ಸಾಸಿವೆಯಷ್ಟು ತೂತು ಕಾಣತ್ತೆ ನಂಗೆ. ಗುಂಡಿ ಇದ್ದಿದ್ರೆ ಕಾಣ್ತಿತ್ತು."

ಮೇಷ್ಟ್ರು ನಗುತ್ತಲೇ ಹೆಂಡತಿಯ ಮೊಬೈಲಿನಲ್ಲಿ ರಸ್ತೆಯ ವಿಳಾಸ ತೆರೆದರು. ನಗು ತೆರೆದಲ್ಲೇ ನಿಂತಿತು. ಗುಂಡಿ ಇರಲಿಲ್ಲ. ಎರಡನೆಯ ವಾರ ಸೊಸೆ ಹಾಕಿದ್ದ ರಸ್ತೆ ಗುರುತುಗಳ ಚಿತ್ರಗಳೂ ಇರಲಿಲ್ಲ. ಮೂರನೆಯ ವಾರ ತಿದ್ದಿದ ಆಫೀಸಿನ ಹೊಸ ವೇಳೆಯೂ ಇರಲಿಲ್ಲ. ತಾಲೀಮಿನ ಗುರುವಾರ ಹೇಗಿತ್ತೋ ಹಾಗೇ, ಒಂದು ಕೂದಲೂ ಕೊಂಕದೆ, ಸೈಟು ಕೂತಿತ್ತು.

ಅವರು ಗೋಡೆಯ ಪಟ್ಟಿಯ ಮೊದಲ ಸಾಲಿನ ಮೇಲಿದ್ದ ಬಿಳಿ ಚೂರನ್ನು ನೋಡಿದರು. ಮೊದಲು ಅದರ ತುದಿ ಎದ್ದಿರಲಿಲ್ಲ. ಈಗ ಎದ್ದಿತ್ತು. ಯಾರೋ ಎತ್ತಿ ನೋಡಿ, ಮರ್ಯಾದೆಯಿಂದ ಮತ್ತೆ ಒತ್ತಿ ಹೋಗಿದ್ದರು. ಮೇಷ್ಟ್ರು ಶೆಡ್ಡಿನಿಂದ ಹೊಸದನ್ನು ತರದೆ, ತಮ್ಮಲ್ಲಿದ್ದ ಹಳೆಯದನ್ನೇ ಮೂರು ವಾರ ರಸ್ತೆಗೆ ತಳ್ಳಿದ್ದರು. ರಸ್ತೆಯಲ್ಲಿ ಅದು ಆಗಲೇ ಇದ್ದುದರಿಂದ ಯಂತ್ರ, ಕಳಿಸುವುದಕ್ಕೆ ಏನೂ ಇಲ್ಲ ಮಹರಾಯರೇ, ಎಂದು ತನ್ನ ಭಾಷೆಯಲ್ಲಿ ಹೇಳಿತ್ತು. ಅದನ್ನು ಅವರು ದಿನಾಂಕ ಸಮೇತ ಬರೆದಿಟ್ಟುಕೊಂಡಿದ್ದರು.

ಗಡಿಯಾರ ಒಂಬತ್ತೂ ಮುಕ್ಕಾಲು ತೋರಿಸುತ್ತಿತ್ತು. ಸೊಸೆ ಇನ್ನೂ ಬಂದಿರಲಿಲ್ಲ. ಈಗ ಶೆಡ್ಡಿನಿಂದ ಎಳೆದುಕೊಂಡು ರಸ್ತೆಗೆ ತಳ್ಳಿಬಿಟ್ಟರೆ ಹತ್ತು ಗಂಟೆಗೆ ಎಲ್ಲವೂ ಇರಬೇಕಾದಲ್ಲಿ ಇರುತ್ತದೆ. ತಪ್ಪು ಹೇಳಬೇಕಾದವರು ತಾವೇ ಎಂಬುದು ಕರಾರು. ಡಾಕ್ಟರಿಗೆ ಫೋನಿನದೇ ದೋಷ ಎಂದರಾಯಿತು. ನಾಲ್ಕು ಶುಕ್ರವಾರ ಮುಗಿಯುತ್ತದೆ, ರಸ್ತೆ ತಮ್ಮಲ್ಲೇ ಉಳಿಯುತ್ತದೆ. ಕಾರಿನಲ್ಲಿ ಸೀಟು ಹೋಯಿತು, ಇಲ್ಲಾದರೂ ಕಾಲಿಗೊಂದು ಬ್ರೇಕ್ ಬೇಡವೇ?

ಕನ್ನಡಿಯಲ್ಲಿ ಹಿಂದೆ ನೋಡಿದರು. ಹೆಂಡತಿ ತುಂಬಾ ಶ್ರದ್ಧೆಯಿಂದ ಪೆನ್ಸಿಲು ಚೂಪು ಮಾಡುತ್ತಿದ್ದರು.

ಮೇಷ್ಟ್ರು ಬಿಳಿ ಚೂರನ್ನು ಕಿತ್ತು, ಅಡಿಯಲ್ಲಿದ್ದ ಸಾಲನ್ನು ನೋಡಿಕೊಂಡು, ಪುಲ್ ಎಂದು ಕುಟ್ಟಿದರು. ಮತ್ತೆ ಪರದೆಯ ಮೇಲೆ ಹೆಸರುಗಳು ಸುರಿದವು. ಈ ಸಲ ಅವರು ಹೆದರಿ ಕಣ್ಣು ತಿರುಗಿಸದೆ ಒಂದೊಂದನ್ನೂ ಓದಿದರು. ಗುಂಡಿಯದೊಂದು ಫೈಲು. ಚಿತ್ರಗಳದು ಏಳೆಂಟು. ವೇಳೆಯದೊಂದು. ಅವುಗಳ ಕೆಳಗೆ ಸಾಲಾಗಿ ಮೂರು ಪುಟ್ಟ ಹೊಸ ಫೈಲು: ಹ್ಯಾಂಡ್‌ಬ್ರೇಕ್ ಒಂದು, ಹ್ಯಾಂಡ್‌ಬ್ರೇಕ್ ಎರಡು, ಹ್ಯಾಂಡ್‌ಬ್ರೇಕ್ ಮೂರು.

ಇಲ್ಲಿ ಮೇಷ್ಟ್ರ ಒಂದು ಪದ್ಧತಿಯನ್ನು ಹೇಳಬೇಕು. ಹೊಸಬರು ಹ್ಯಾಂಡ್‌ಬ್ರೇಕ್ ಬಿಡದೆ ಕಾರು ಹೊರಡಿಸಿದರೆ ಅವರು ಬಾಯಿ ಬಿಡುತ್ತಿರಲಿಲ್ಲ. ಕಾರು ಯಾಕೆ ಏಳುತ್ತಿಲ್ಲ ಎಂದು ಒದ್ದಾಡಲಿ, ಸುಟ್ಟ ವಾಸನೆ ಬರಲಿ, ತಾವೇ ಹುಡುಕಿಕೊಂಡದ್ದನ್ನು ಸಾಯುವ ತನಕ ಮರೆಯುವುದಿಲ್ಲ, ಎಂಬುದು ಅವರ ಸಿದ್ಧಾಂತ. ಸೊಸೆಯನ್ನು ಅವರು ಪೆಟ್ರೋಲ್ ಬಂಕಿನವರೆಗೆ ಹಾಗೆ ಓಡಿಸಿದ್ದರು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು.

ಒಂದನೆಯ ಫೈಲು ತೆರೆದರು. ಒಂದೇ ಸಾಲಿತ್ತು: 'ಮೊದಲನೇ ಶುಕ್ರವಾರ. ಕಾರು ಏಳುತ್ತಿಲ್ಲ. ಮಾವ ಕಿಟಕಿಯಾಚೆ ನೋಡುತ್ತಿದ್ದಾರೆ.' ಎರಡನೆಯದರಲ್ಲಿ: 'ವಾಸನೆ ಬರಲು ಶುರುವಾಗಿದೆ. ಅತ್ತೆಗೆ ಬಂತು.' ಮೂರನೆಯದರಲ್ಲಿ: 'ಇದನ್ನು ಓದುತ್ತಿದ್ದೀರಿ ಎಂದರೆ ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೀರಿ. ಕನ್ನಡಿ ನೋಡಿ ಹೊರಡಿ.'

ಮೇಷ್ಟ್ರು ಕನ್ನಡಿ ನೋಡಿದರು. ಬಾಗಿಲಲ್ಲಿ ಸೊಸೆ ನಿಂತಿದ್ದಳು. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ ಹಾಗೇ ಇತ್ತು.

"ಯಾವಾಗ ಗೊತ್ತಾಯ್ತು?" ಎಂದರು ತಿರುಗದೆ.

"ಮೊದಲನೇ ಶುಕ್ರವಾರ ಹತ್ತು ಗಂಟೆ ಎರಡು ನಿಮಿಷಕ್ಕೆ."

"ಮೂರು ವಾರ ಬಾಯಿ ಬಿಡ್ಲಿಲ್ಲ ನೀನು."

"ಬಿಡಬಾರ್ದು ಅಂತಲ್ವಾ ಪಾಠ? ನೀವೇ ಕಲಿಸಿದ್ದು."

"ಜನಕ್ಕೆ ತೊಂದ್ರೆ ಆಗಿದ್ರೆ?"

"ರದ್ದು ಮಾಡೋರ ಫೋನೆಲ್ಲ ಅತ್ತೆ ತಗೊಂಡ್ರು. ಹೊಸ ವೇಳೆ ಬಾಗಿಲಿಗೆ ಬರೆದು ಅಂಟಿಸಿದೀವಿ. ನೀವು ಪಕ್ಕದ ಬ್ರೇಕ್ ಮೇಲೆ ಕಾಲಿಟ್ಕೊಂಡೇ ತಾನೇ ನನ್ನ ಓಡಿಸಿದ್ದು?"

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. "ನಿಂಗೂ ಗೊತ್ತಿತ್ತು."

"ನಂಗೇನು ಗೊತ್ತಾಗತ್ತೆ ಅದೆಲ್ಲ" ಎಂದರು ಹೆಂಡತಿ. ಪೆನ್ಸಿಲು ಅಷ್ಟು ಹೊತ್ತಿಗೆ ಅರ್ಧವಾಗಿತ್ತು. "ಸುಟ್ಟ ವಾಸನೆ ಬಂತು, ಹೇಳ್ದೆ."

ಮೇಷ್ಟ್ರು ನೋಟುಬುಕ್ಕು ಬಿಡಿಸಿದರು. ಮೂರು ಶುಕ್ರವಾರಗಳ 'ಎಲ್ಲಾ ಸರಿ' ಒಂದರ ಕೆಳಗೊಂದು ಠೀವಿಯಿಂದ ನಿಂತಿದ್ದವು. ಹೆಂಡತಿಯ ಮೇಜಿಗೆ ಕೈ ಚಾಚಿ ಆ ಅರ್ಧ ಪೆನ್ಸಿಲು ತೆಗೆದುಕೊಂಡು ಮೂರನ್ನೂ ಹೊಡೆದುಹಾಕಿದರು. ಪಕ್ಕದಲ್ಲಿ ಬರೆದರು: 'ತಪ್ಪು. ಹೇಳಿದವನು ನಾನೇ.' ಕೆಳಗೆ ರುಜು ಹಾಕಿದರು. ಆಮೇಲೆ ಮೈದಾನ ನೋಡಿದರು, ರಸ್ತೆಗೆ ಪುಶ್ ಎಂದು ಕೊಟ್ಟರು. ಯಂತ್ರ ಹತ್ತು ಸಾಲು ಗೊಣಗಿತು. ಇಂಥ ಇಂಪಾದ ಗೊಣಗಾಟವನ್ನು ಅವರು ಕೇಳಿರಲಿಲ್ಲ. ರಸ್ತೆಯ ವಿಳಾಸ ತೆರೆದರು. ಕೆಂಪು ಗುಂಡಿ ಅಲ್ಲಿತ್ತು.

"ಡಾಕ್ಟ್ರೇ, ಈಗ ನೋಡಿ" ಎಂದು ಫೋನು ಮಾಡಿದರು.

"ಓ, ಇದೆ ಮೇಷ್ಟ್ರೇ" ಎಂದ ಹಲ್ಲಿನ ಡಾಕ್ಟರು ಅದನ್ನು ಆಗಲೇ ಒತ್ತಿಯಾಗಿತ್ತು. ಹನ್ನೊಂದರ ಪಾಠ ರದ್ದಾಯಿತು. ಗುಂಡಿ ಕೆಲಸ ಮಾಡಿದ ಖುಷಿಗೆ ಸೋಮವಾರದ್ದನ್ನೂ ರದ್ದು ಮಾಡಿದರು.

"ಲ್ಯಾಪ್‌ಟಾಪ್ ತಾ ಇಲ್ಲಿ" ಎಂದರು ಮೇಷ್ಟ್ರು.

ಸೊಸೆ ಎದುರಿಗಿಟ್ಟಳು. ರಿಮೋಟ್ ಸೇರಿಸುವ ಆದೇಶವನ್ನು ಅವಳು ಹೇಳುತ್ತ ಹೋದಳು, ಮೇಷ್ಟ್ರು ತೋರುಬೆರಳಿನಿಂದ ಕುಟ್ಟುತ್ತ ಹೋದರು. ರಸ್ತೆ ಎಂಬ ಹೆಸರು, ಅದರ ಮುಂದೆ ಉದ್ದನೆಯ ವಿಳಾಸ. ಹೆಸರು ಬರೆದಾದ ಮೇಲೆ ಎಂಟರ್ ಒತ್ತದೆ ಕೈ ತಡೆದರು.

"ನನ್ನದರಿಂದ ತೆಗೀಬೇಕಾ?"

"ಕರಾರಲ್ಲಿ ನನ್ನ ಲ್ಯಾಪ್‌ಟಾಪಿಗೂ ಅಂತ ಇದೆ ಮಾವ. ನಿಮ್ಮದರಿಂದ ತೆಗೀಬೇಕು ಅಂತ ಎಲ್ಲೂ ಇಲ್ಲ" ಎಂದಳು ಸೊಸೆ. "ಕಲಿಸೋ ಕಾರಲ್ಲಿ ಬ್ರೇಕ್ ಎಷ್ಟಿರತ್ತೆ?"

"ಎರಡು."

"ಮತ್ತೆ?"

ಮೇಷ್ಟ್ರು ಎಂಟರ್ ಒತ್ತಿದರು. ಯಂತ್ರ ಏನೂ ಹೇಳಲಿಲ್ಲ. ಅವರು ಸೊಸೆಯ ಮುಖ ನೋಡಿದರು.

"ಏನೂ ಹೇಳಿಲ್ಲ ಅಂದ್ರೆ?"

"ಈ ಸಲ ನಿಜವಾಗ್ಲೂ ಸರಿಯಾಗಿದೆ ಅಂತ."

ಈಗ ರಸ್ತೆ ಎರಡು ಕಂಪ್ಯೂಟರಿನಲ್ಲಿದೆ. ಬಿಡುವ ಮುನ್ನ ಸೊಸೆ "ರಸ್ತೆಗೆ" ಎನ್ನುತ್ತಾಳೆ, ಮೇಷ್ಟ್ರು "ಹ್ಞೂಂ" ಎನ್ನುತ್ತಾರೆ. ಅದಾದ ಮರುತಿಂಗಳು ಸೊಸೆ ಮೂರನೆಯ ಸಲ ಪರೀಕ್ಷೆಗೆ ಹೋದಳು. ರಿವರ್ಸಿನಲ್ಲಿ ಫೇಲಾದಳು.